ಹಂಸದ ದೋಣಿಯಲ್ಲಿ ಒಂದು ಜಗಳ

ಗಂಡ ತೀರಿಕೊಂಡ ದಿನದಿಂದ ಹೊಲಿಗೆಯಮ್ಮ ದೇವರ ಜೊತೆ ಮಾತು ಬಿಟ್ಟಿದ್ದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಗಾದರೆ ಸ್ನಾನ ಮಾಡಿ, ದೀಪ ಹಚ್ಚಿ, ಕೈಮುಗಿದು ಕೂರುವುದು ಮೊದಲಿನಂತೆಯೇ ನಡೆದಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಒಂದೇ ಗೋಡೆಯ ಎರಡು ಮನೆಯವರು ಜಗಳವಾಡಿಕೊಂಡ ಮೇಲೆ ಬಾಗಿಲಲ್ಲಿ ಎದುರಾದರೆ ಕಂಡೂ ಕಾಣದಂತೆ ತಲೆ ತಗ್ಗಿಸಿ ಒಳಗೆ ಹೋಗುತ್ತಾರಲ್ಲ, ಹಾಗೆ ಆಕೆ ದೀಪದ ಮುಂದೆ ಕೂತು ಎದ್ದುಬರುತ್ತಿದ್ದಳು.

ಜಗಳಕ್ಕೆ ಕಾರಣವಿತ್ತು. ಹೆಂಗಸರು ಸಾಮಾನ್ಯವಾಗಿ ತಾವೇ ಮೊದಲು ಹೋಗಬೇಕೆಂದು ಬೇಡಿಕೊಳ್ಳುತ್ತಾರೆ. ಹೊಲಿಗೆಯಮ್ಮ ಹಾಗಲ್ಲ. ಆಕೆಯ ಗಂಡ ಗಡಿಯಾರ ರಿಪೇರಿಯವನು. ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಆ ಕೈಗೆ ಒಲೆಯ ಮೇಲೆ ನೀರು ಕಾಯಿಸಲು ಬರುತ್ತಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ, ಅದೇ ಮನೆಯಲ್ಲಿ ಮುದುಕನಾದ ಮನುಷ್ಯ ಕಕ್ಕಾಬಿಕ್ಕಿಯಾಗುತ್ತಿದ್ದ. ತಾನು ಮೊದಲು ಹೋದರೆ ಈ ಪ್ರಾಣಿಯ ಗತಿ ಏನು ಎಂದು ಹೆದರಿ, ‘ಅವರನ್ನು ಮೊದಲು ಕರೆದುಕೊ, ಹಿಂದಿನಿಂದ ನನ್ನನ್ನು ಕರೆದುಕೊ’ ಎಂದು ಆಕೆ ವರ್ಷಗಟ್ಟಲೆ ಬೇಡಿಕೊಂಡಿದ್ದಳು. ದೇವರು ಆಕೆಯ ಉಳಿದ ಬೇಡಿಕೆಗಳನ್ನು, ಮಂಡಿನೋವಿನಿಂದ ಹಿಡಿದು ಸೋರುವ ನಲ್ಲಿಯವರೆಗೆ, ಕಿವಿಗೇ ಹಾಕಿಕೊಂಡಿರಲಿಲ್ಲ. ಇದೊಂದನ್ನು ಮಾತ್ರ ನಡೆಸಿಕೊಟ್ಟುಬಿಟ್ಟ. ಕೇಳಿದ್ದನ್ನು ಕೊಟ್ಟವನ ಮೇಲೆ ಯಾವ ಮುಖ ಇಟ್ಟುಕೊಂಡು ಜಗಳಕ್ಕೆ ಹೋಗುವುದು? ಹೋಗದೆ ಇರುವುದಾದರೂ ಹೇಗೆ?

ಮನಸ್ಸಿನಲ್ಲೇ ಹೇಳಿಕೊಂಡು ಮುಗಿಸೋಣವೆಂದರೆ ಆ ಅಭ್ಯಾಸವಿಲ್ಲ. ಆಕೆಯ ತಾಯಿ ಕಲಿಸಿದ್ದು ಬಾಯಿಬಿಟ್ಟು ಬೇಡುವುದನ್ನು. ಅವನಿಗೆ ಲೋಕದ ಗೋಳೆಲ್ಲ ಕೇಳುವುದಿರುತ್ತದೆ, ನೀನು ಗೊಣಗಿದರೆ ಕೇಳಿಸುತ್ತದೆಯೇ ಎನ್ನುತ್ತಿದ್ದಳು ಆ ತಾಯಿ. ಬೇಡುವುದೇ ಹಾಗಾದರೆ ಜಗಳವನ್ನಂತೂ ಗಟ್ಟಿಯಾಗಿಯೇ ಆಡಬೇಕು. ಆದರೆ ಮನೆಯಲ್ಲಿ ಸೊಸೆ ಇದ್ದಳು. ಒಳ್ಳೆಯ ಹುಡುಗಿ. ಅತ್ತೆ ಕೆಮ್ಮಿದರೂ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, “ಅತ್ತೆ, ಕರೆದ್ರಾ?” ಎನ್ನುವವಳು. ಅಂಥವಳ ಕಿವಿಗೆ, ಮಾವ ಮೊದಲು ಹೋಗಲಿ ಎಂದು ಬೇಡಿಕೊಂಡವಳು ಅತ್ತೆಯೇ ಎಂಬ ಮಾತು ಬಿದ್ದರೆ?

ಆದ್ದರಿಂದ ಗೆಳತಿಯರು ಎರಡು ದಿನ ದ್ವೀಪಕ್ಕೆ ಹೋಗಿ ಬರೋಣ ಎಂದಾಗ ಆಕೆ ಮರುಮಾತಿಲ್ಲದೆ ಒಪ್ಪಿಕೊಂಡಳು. ಸುತ್ತ ಸಮುದ್ರ, ಒಳಗೆ ಕೆರೆಗಳು, ಎಲ್ಲೆಂದರಲ್ಲಿ ಬಂಡೆಗಳು. ಒಬ್ಬ ಹೆಂಗಸು ಒಂದು ಗಳಿಗೆ ಕೂಗಾಡಲು ಅಷ್ಟು ದೊಡ್ಡ ಜಾಗದಲ್ಲಿ ಒಂದು ಮೂಲೆ ಸಿಗಲಾರದೇ ಎಂದುಕೊಂಡಳು. ಗೆಳತಿಯರು ಯಾರೆಂಬುದನ್ನು ಆಗ ಮರೆತಿದ್ದಳು.

ಮೂವರೂ ನಿವೃತ್ತ ನರ್ಸುಗಳು. ಹೊಲಿಗೆಯಮ್ಮ ಅದೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ, ನಡುವೆ ಸವೆದ ಚಾದರಗಳನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿ ಉಳಿದ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ, ಅವುಗಳ ಆಯುಷ್ಯ ಹೆಚ್ಚಿಸುತ್ತ ತನ್ನ ಕೂದಲು ಬೆಳ್ಳಗೆ ಮಾಡಿಕೊಂಡವಳು. ನರ್ಸುಗಳಲ್ಲಿ ಹಿರಿಯಳು ಮೇಟ್ರನ್. ಕೆಲಸ ನಿಂತಿದ್ದರೂ ಆ ಹೆಸರೂ ಗತ್ತೂ ನಿವೃತ್ತಿ ಪಡೆದಿರಲಿಲ್ಲ. ಎರಡನೆಯವಳು ಸೂಜಿ. ಮಾತಿನಲ್ಲಿ ಮೈಮರೆಸಿ ಇಂಜೆಕ್ಷನ್ ಚುಚ್ಚುವುದರಲ್ಲಿ ಒಂದು ಕಾಲಕ್ಕೆ ಹೆಸರಾದವಳು. ಈಗ ಚುಚ್ಚುವುದು ನಿಂತು ಮಾತು ಉಳಿದಿತ್ತು. ಮೂರನೆಯವಳು ನಿದ್ದೆಯಕ್ಕ. ಕೆಲಸದ ಕಾಲವೆಲ್ಲ ರಾತ್ರಿ ಪಾಳಿ ಮಾಡಿದ ಆಕೆ, ಕೆಟ್ಟ ನಿದ್ದೆಯನ್ನೆಲ್ಲ ಈಗ ಹಗಲಿನಲ್ಲಿ ಕೂತಲ್ಲಿ ನಿಂತಲ್ಲಿ ವಸೂಲು ಮಾಡಿಕೊಳ್ಳುತ್ತಿದ್ದಳು.

ಲಾಂಚು ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಹೊಲಿಗೆಯಮ್ಮ ಹಿಂಬದಿಯ ಕಟಕಟೆಗೆ ಹೋಗಿ ನಿಂತಳು. ಅಲ್ಲಿ ಯಾರೂ ಇರಲಿಲ್ಲ. ಎಂಜಿನ್ನಿನ ಸದ್ದೂ ಜೋರಾಗಿತ್ತು. ಇದೇ ಸಮಯವೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಸೂಜಿ ಬಂದು ನಿಂತು, ಮೀನುಗಳಿಗೆ ರೆಪ್ಪೆ ಇಲ್ಲವಲ್ಲ, ಅವಕ್ಕೆ ಕಣ್ಣುನೋವು ಬಂದರೆ ಏನು ಮಾಡುತ್ತವೆ ಎಂದು ಕೇಳಿದಳು. ಸೂಜಿ ನೀರು ಕುಡಿಯಲು ಹೋದಾಗ ಮೇಟ್ರನ್ ಬಂದಳು. ಹೋಗುವವಳು ಬರುವವಳ ಕಿವಿಯಲ್ಲಿ ಏನೋ ಹೇಳಿದ್ದನ್ನು, ಬರುವವಳು ತಲೆಯಾಡಿಸಿದ್ದನ್ನು ಹೊಲಿಗೆಯಮ್ಮ ನೋಡಿದಳು. ಆಸ್ಪತ್ರೆಯ ಹಜಾರದಲ್ಲಿ ಬಟ್ಟೆಯ ಗಂಟು ಹೊತ್ತು ಓಡಾಡುವಾಗ ಇದನ್ನು ಎಷ್ಟೋ ಸಲ ನೋಡಿದ್ದಳು. ಇದು ಪಾಳಿ ಬದಲಾವಣೆ. ತಾನು ಪ್ರವಾಸಕ್ಕೆ ಬಂದಿಲ್ಲ, ವಾರ್ಡಿಗೆ ಸೇರಿದ್ದೇನೆ ಎಂಬುದು ಆಕೆಗೆ ಆಗ ಹೊಳೆಯಿತು.

ತಂಗುವ ಮನೆಯಲ್ಲಿ ಸಿಕ್ಕ ಕೋಣೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಮಂಚಗಳು, ಮಂಚಕ್ಕೊಂದು ಸ್ಟೂಲು. ಅದನ್ನು ಕಂಡು ಮೇಟ್ರನ್ನಿಗೆ ತವರು ಕಂಡಷ್ಟು ಸಂತೋಷವಾಯಿತು. ಹೊಲಿಗೆಯಮ್ಮನಿಗೆ ಕಿಟಕಿಯ ಪಕ್ಕದ ಮಂಚ ಕೊಟ್ಟು, ದಿಂಬನ್ನು ತಟ್ಟಿ, ಚಾದರದ ಮೂಲೆಗಳನ್ನು ಹೊದಿಕೆಯಂತಲ್ಲ, ಲಕೋಟೆಯಂತೆ ಮಡಿಸಿ ಸಿಕ್ಕಿಸಿದಳು. ಆ ಚಾದರದೊಳಗೆ ನುಗ್ಗಲು ಹೊಲಿಗೆಯಮ್ಮನಿಗೆ ಕಾಗದವಾಗಬೇಕಾಗಿತ್ತು.

ಸಂಜೆ ಕಡಲ ತೀರದಲ್ಲಿ ಒಂದು ಒಳ್ಳೆಯ ಬಂಡೆ ಸಿಕ್ಕಿತು. ಅಲೆ ಅಪ್ಪಳಿಸುವ ಸದ್ದಿಗೆ ಎಂಥ ಬೈಗುಳವೂ ಮುಚ್ಚಿಹೋಗುವಂತಿತ್ತು. ಹೊಲಿಗೆಯಮ್ಮ ಮಂಡಿ ಹಿಡಿದುಕೊಂಡು ಹತ್ತಿ ಕೂತು, ಆಕಾಶ ನೋಡಿ ಬಾಯಿ ತೆರೆದಳು. ತೆರೆದ ಬಾಯಿಗೆ ಸುಲಿದ ಕಿತ್ತಳೆಯ ತೊಳೆಯೊಂದು ಬಂತು. ಹಿಂದೆಯೇ ಸೂಜಿ ಬಂದಳು. ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಪ್ರಯತ್ನಿಸಿದರೆ, ಬಾಗಿಲ ಹೊರಗೆ ಗೋಡೆಗೊರಗಿ ನಿದ್ದೆ ಮಾಡುತ್ತಿದ್ದ ನಿದ್ದೆಯಕ್ಕ ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡೇ ಬಾಗಿಲು ತಟ್ಟಿ, ಹುಷಾರಾಗಿದ್ದೀಯಾ ಎಂದು ವಿಚಾರಿಸಿದಳು.

ಕೊನೆಗೆ ಹೊಲಿಗೆಯಮ್ಮ ಬಾಯಿಬಿಟ್ಟೇ ಕೇಳಿದಳು. ನನ್ನನ್ನು ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡಿ ಎಂದಳು. ಅದು ತಪ್ಪಾಯಿತು. ಮೇಟ್ರನ್ ಆಕೆಯ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

“ಒಬ್ಬಳನ್ನೇ ಬಿಡಿ ಅನ್ನೋ ಪೇಷೆಂಟನ್ನೇ ಒಬ್ಬಳನ್ನ ಬಿಡಬಾರದು ಕಣೇ,” ಎಂದಳು. “ನನ್ನ ಸರ್ವೀಸೆಲ್ಲ ಇದನ್ನೇ ನೋಡಿದೀನಿ.”

ಅಂದಿನಿಂದ, ಎಂದರೆ ಆ ಸಂಜೆಯಿಂದ, ಕಾವಲು ಇನ್ನೂ ಬಿಗಿಯಾಯಿತು. ಅವರ ಪ್ರೀತಿಯಲ್ಲಿ ಹೊಲಿಗೆಯಮ್ಮನಿಗೆ ಸಂಶಯವಿರಲಿಲ್ಲ. ತನಗೆ ಜ್ವರ ಬಂದರೆ ಈ ಮೂವರೂ ಯಮನನ್ನು ಬಾಗಿಲಲ್ಲೇ ನಿಲ್ಲಿಸಿ, ಈಗ ಭೇಟಿಯ ಸಮಯವಲ್ಲ ಎಂದು ಹೇಳಿ ಕಳಿಸುವವರು. ಆದರೆ ಆಕೆಗೆ ಜ್ವರ ಬಂದಿರಲಿಲ್ಲ. ಮಾತು ಬಂದಿತ್ತು. ಅದು ಗಂಟಲಿಗೆ ಬಂದು ಕೂತು, ಅನ್ನ ಇಳಿಯಲು ಜಾಗ ಬಿಡುತ್ತಿರಲಿಲ್ಲ. ನಾಳೆ ಸಂಜೆಗೆ ಲಾಂಚು ಹತ್ತಬೇಕು. ಇಲ್ಲಿಂದಲೂ ಹಾಗೆಯೇ ಮರಳಿದರೆ, ದೀಪದ ಮುಂದೆ ಮೂಗಿಯಾಗಿ ಕೂತು ಏಳುವುದೇ ಉಳಿದ ಆಯುಷ್ಯವಾಗುತ್ತದೆ ಎಂದು ಆಕೆಗೆ ನಿಜವಾಗಿ ಭಯವಾಯಿತು.

ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೋದರು. ಹಗ್ಗ, ಬಕೆಟ್ಟು, ಮಂಜುಗಡ್ಡೆಯ ಮೇಲೆ ಮಲಗಿಸಿದ ಮೀನು, ಬಾಚಣಿಗೆ, ಈರುಳ್ಳಿ, ಟೋಪಿ, ಎಲ್ಲವೂ ಒಂದರ ಪಕ್ಕ ಒಂದು. ಮೇಟ್ರನ್ನಿಗೆ ಟವೆಲು ಬೇಕಾಗಿತ್ತು, ಸೂಜಿಗೆ ಎಲ್ಲವೂ ಬೇಕಾಗಿತ್ತು. ಹೊಲಿಗೆಯಮ್ಮನನ್ನು ಟೋಪಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ನಿದ್ದೆಯಕ್ಕನನ್ನು ಪಾಳಿಗೆ ಹಾಕಿ ಇಬ್ಬರೂ ಹೊರಟರು. ಅವರು ಬೀದಿಯ ತಿರುವು ದಾಟುವ ಮೊದಲೇ ನಿದ್ದೆಯಕ್ಕನ ಗದ್ದ ಎದೆಗೆ ತಾಗಿತ್ತು.

ಎದುರಿನಲ್ಲಿ ಒಂದು ಗಡಿಯಾರದ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದಕ್ಕೊಂದು ಸಂಬಂಧವಿಲ್ಲದ ಹೊತ್ತು ತೋರಿಸುತ್ತಿದ್ದವು. ಹೊಲಿಗೆಯಮ್ಮ ತನಗೇ ತಿಳಿಯದಂತೆ ಎದ್ದು ಅಲ್ಲಿಗೆ ಹೋದಳು. ಗಂಡ ಜೊತೆಯಲ್ಲಿದ್ದಿದ್ದರೆ ಈ ಮುಳ್ಳುಗಳನ್ನೆಲ್ಲ ಸರಿಪಡಿಸದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಅಂಗಡಿಯವನ ಜೊತೆ ಜಗಳವಾಗಿ, ಆಮೇಲೆ ಸ್ನೇಹವಾಗಿ, ಊಟದ ಹೊತ್ತು ಮೀರುತ್ತಿತ್ತು. ಆಕೆ ಕಣ್ಣೊರೆಸಿಕೊಂಡು ತಿರುಗಿದಾಗ ಬೆಂಚು ಖಾಲಿ ಇರಲಿಲ್ಲ. ಮೊಟ್ಟೆ ಮಾರುವ ಮುದುಕಿಯೊಬ್ಬಳು ಬರಿದಾದ ಬುಟ್ಟಿ ಕೆಳಗಿಟ್ಟು ಆಕೆಯ ಜಾಗದಲ್ಲಿ ಕೂತಿದ್ದಳು. ಹೊಲಿಗೆಯಮ್ಮನಂತೆ ಅವಳದೂ ಬೂದು ಬಣ್ಣದ ಶಾಲು. ಗಾಳಿಗೆ ಅದನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು.

ಅಷ್ಟರಲ್ಲಿ ಪಾಳಿ ಬದಲಾಯಿಸಲು ಸೂಜಿ ಬಂದಳು.

ಇಲ್ಲಿ ಮೇಟ್ರನ್ನಿನ ಒಂದು ನಿಯಮವನ್ನು ಹೇಳಬೇಕು. ಆಕೆಯ ಕೈಕೆಳಗೆ ಕೆಲಸ ಮಾಡಿದ ನರ್ಸುಗಳೆಲ್ಲ ಪಾಳಿ ವಹಿಸಿಕೊಳ್ಳುವಾಗ ಹಾಸಿಗೆ ನೋಡಬೇಕೇ ಹೊರತು ಮುಖ ನೋಡಬಾರದು. ಮುಖ ನೋಡಿದರೆ ರೋಗಿ ಮಾತಿಗೆಳೆಯುತ್ತಾನೆ, ಮಾತಿಗೆ ನಿಂತರೆ ಉಳಿದ ಹಾಸಿಗೆಗಳು ಕಾಯುತ್ತವೆ. ಹಾಸಿಗೆಯಲ್ಲಿ ಜನ ಇದ್ದಾರೆ, ಉಸಿರಾಟ ನಡೆದಿದೆ, ಅಷ್ಟಾದರೆ ಚಾರ್ಜು ತೆಗೆದುಕೊಂಡ ಹಾಗೆ. ಆ ಶಿಸ್ತು ಮೂಳೆಗೆ ಇಳಿದಿದ್ದ ಸೂಜಿ ಬೆಂಚನ್ನು ನೋಡಿದಳು. ಬೆಂಚಿನಲ್ಲಿ ಬೂದು ಶಾಲು ಇತ್ತು. ಉಸಿರಾಡುತ್ತಿತ್ತು.

“ಹೇಗಿದಾಳೆ?” ಎಂದಳು.

“ಆರಾಮಾಗಿದಾಳೆ,” ಎಂದಳು ನಿದ್ದೆಯಕ್ಕ, ಕಣ್ಣು ತೆರೆಯದೆ.

ಸೂಜಿ ಮೊಟ್ಟೆಯವಳ ಪಕ್ಕ ಕೂತು, ಬೀದಿಯ ಕಡೆ ಮುಖ ಮಾಡಿ, ಟೊಮೇಟೊ ಮಾರುವವನ ಮೀಸೆಯ ವಿಚಾರ ಶುರು ಮಾಡಿದಳು. ಮೊಟ್ಟೆಯವಳು ಮೊದಲು ಬೆದರಿದಂತೆ ಕಂಡಳು. ಆಮೇಲೆ ಕೈಗೆ ಸುಲಿದ ಕಿತ್ತಳೆ ಬಂದದ್ದರಿಂದ ಸುಮ್ಮನಾದಳು. ಗಡಿಯಾರದ ಅಂಗಡಿಯ ಕಂಬದ ಮರೆಯಲ್ಲಿ ನಿಂತಿದ್ದ ಹೊಲಿಗೆಯಮ್ಮನಿಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗುವಾದ್ದರಿಂದ ಅದು ಎಲ್ಲಿಂದ ಹೊರಡಬೇಕೆಂದು ತಿಳಿಯದೆ ಬಿಕ್ಕಳಿಕೆಯಾಗಿ ಹೊರಬಿತ್ತು. ಗೆಳತಿಯರು ಹೆದರುತ್ತಾರಲ್ಲ ಎಂದು ಮನಸ್ಸು ಒಂದು ಕ್ಷಣ ಹಿಂದೆಗೆಯಿತು. ಕಾಲು ಮಾತ್ರ ಅಷ್ಟರಲ್ಲಿ ಮುಂದೆ ಹೋಗಿತ್ತು.

ಮಾರುಕಟ್ಟೆಯ ಹಿಂದಿನ ಓಣಿ ಏರುತ್ತ ಹೋಗಿ, ಬಲೆ ಒಣಗಿಸುವ ಚಪ್ಪರಗಳನ್ನು ದಾಟಿ, ಒಂದು ಕೆರೆಯ ಬಳಿ ಮುಗಿಯುತ್ತಿತ್ತು. ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ನೀರು ಇಸ್ತ್ರಿ ಮಾಡಿದ ಬಟ್ಟೆಯಂತೆ ಬಿದ್ದಿತ್ತು. ದಡದಲ್ಲಿ ಹಂಸದ ಆಕಾರದ ತುಳಿಯುವ ದೋಣಿಗಳು ಸಾಲಾಗಿ ನಿಂತಿದ್ದವು. ಕುತ್ತಿಗೆಯ ಬಣ್ಣ ಸುಲಿದು, ಹಂಸಗಳಿಗೆ ಕಜ್ಜಿ ಹತ್ತಿದಂತೆ ಕಾಣುತ್ತಿದ್ದವು. ನಡುನೀರಿಗೆ ಹೋದರೆ ತನ್ನನ್ನು ಯಾರು ತಡೆಯುತ್ತಾರೆ ಎಂದು ಹೊಲಿಗೆಯಮ್ಮ ಯೋಚಿಸಿದಳು.

ದೋಣಿಯವನು ತಡೆದ. ಒಬ್ಬರಿಗೆ ದೋಣಿ ಕೊಡುವುದಿಲ್ಲ, ಒಂದೇ ಕಡೆ ಭಾರವಾದರೆ ವಾಲುತ್ತದೆ, ಜೊತೆಗೆ ಯಾರಾದರೂ ಬೇಕು ಎಂದ. ಜೊತೆಯವರು ಹೋಗಿಬಿಟ್ಟರು ಎಂದಳು ಹೊಲಿಗೆಯಮ್ಮ. ಅವನು ಆಕೆಯ ಮುಖ ನೋಡಿ ಇನ್ನೇನೂ ಕೇಳಲಿಲ್ಲ. ಮರಳು ತುಂಬಿದ ಒಂದು ಚೀಲ ತಂದು ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂರಿಸಿ, ಅದು ಉರುಳದಂತೆ ನಡುವಿಗೆ ಹಗ್ಗ ಕಟ್ಟಿದ. ನಡುವಿನ ಹಿಡಿಕೆಯನ್ನು ತೋರಿಸಿ, ಅದನ್ನು ಯಾವ ಕಡೆ ತಿರುಗಿಸಿದರೆ ದೋಣಿ ಯಾವ ಕಡೆ ಹೋಗುತ್ತದೆ ಎಂದು ವಿವರಿಸಿದ. ಆಕೆ ತಲೆಯಾಡಿಸಿದಳು. ಒಂದಕ್ಷರವೂ ಕಿವಿಗೆ ಬಿದ್ದಿರಲಿಲ್ಲ.

ನಡುಕೆರೆಗೆ ಬಂದ ಮೇಲೆ ಆಕೆ ಸುತ್ತಲೂ ನೋಡಿದಳು. ದಡದಲ್ಲಿ ದೋಣಿಯವನು ಬಣ್ಣದ ಡಬ್ಬಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಬೇರೆ ನರಪಿಳ್ಳೆಯಿಲ್ಲ. ಒಂದು ಕೈಯಲ್ಲಿ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಆಕೆ ಗಂಟಲು ಸರಿಮಾಡಿಕೊಂಡಳು.

“ಮೊದಲು ಅಂದಿದ್ದು ನಿಜ,” ಎಂದಳು ಗಟ್ಟಿಯಾಗಿ. “ಇಲ್ಲ ಅನ್ನಲ್ಲ. ಅವರನ್ನ ಮೊದಲು ಕರ್ಕೋ ಅಂತ ನಾನೇ ಬೇಡ್ಕೊಂಡೆ. ಆದ್ರೆ ಇಷ್ಟು ಬೇಗ ಅಂದಿದ್ನಾ? ಬೆಳಿಗ್ಗೆ ಅವರು, ಸಂಜೆ ನಾನು. ಅದೂ ಮೊದಲೇ ತಾನೆ? ಅಷ್ಟು ಸಾಕಾಗಿತ್ತು.”

ಕಟ್ಟೆ ಒಡೆಯಿತು. ಆಕೆ ತುಳಿಯುತ್ತ ತುಳಿಯುತ್ತ ಹೇಳಿದಳು. “ಬಟ್ಟೆ ಕತ್ತರಿಸೋ ಮುಂಚೆ ದರ್ಜಿ ಕೂಡ ಇನ್ನೊಂದು ಸಲ ಅಳತೆ ಕೇಳ್ತಾನೆ. ನೀನು ಕೇಳಿದ್ಯಾ? ಏನಮ್ಮ, ಹಿಂದೆ ಹೇಳಿದ್ಯಲ್ಲ, ಈಗ್ಲೇ ಆಗ್ಲಾ, ಇನ್ನಷ್ಟು ದಿನ ತಡೀಲಾ, ಅಂತ ಒಂದು ಮಾತು? ಈಗ ಅವರಿಗೆ ಅಲ್ಲಿ ನೀರು ಕಾಯಿಸಿಕೊಡೋರು ಯಾರು? ನೀನಾ? ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳೋರೇ ಇಲ್ದೆ ಹೋದ್ರೆ, ಅದನ್ನ ನಾನು ಎಲ್ಲಿ ಅಂತ ಇಡ್ಲಿ?”

ಮಾತು ಇಲ್ಲಿಗೆ ಬರುವಷ್ಟರಲ್ಲಿ ಆಕೆಗೆ ಅಳು ಬಂತು. ಮರಳಿನ ಚೀಲಕ್ಕೆ ಒರಗಿ ಚೆನ್ನಾಗಿ ಅತ್ತಳು. ಚೀಲ ಏನೂ ಅನ್ನಲಿಲ್ಲ. ಈ ವಿಷಯದಲ್ಲಿ ಅದು ಗೆಳತಿಯರಿಗಿಂತ ವಾಸಿ ಎನ್ನಿಸಿತು. ಅತ್ತು ತಲೆಯೆತ್ತಿದಾಗ ಬಿಸಿಲು ಎಡಗೆನ್ನೆಗೆ ಬೀಳುತ್ತಿತ್ತು. ಮತ್ತೊಂದು ಗಳಿಗೆಗೆ ಬಲಗೆನ್ನೆಗೆ ಬಿತ್ತು. ಮತ್ತೆ ಎಡಕ್ಕೆ. ಸೂರ್ಯ ಆಕಾಶದಲ್ಲಿ ಹೀಗೆ ಓಡಾಡುವುದುಂಟೇ ಎಂದು ಗಮನಿಸಿದರೆ, ಓಡಾಡುತ್ತಿದ್ದುದು ಸೂರ್ಯನಲ್ಲ, ಹಂಸ. ಆಕೆ ಜಗಳ ಶುರುಮಾಡಿದಾಗಿನಿಂದ ಅದು ಒಂದೇ ಕಡೆ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ಅದೇ ಹೊತ್ತಿಗೆ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದಂತಾಯಿತು. ಸೂಜಿಯ ದನಿ. “ಅಳು ನಿಂತ ಹಾಗಿದೆ.” ಹೊಲಿಗೆಯಮ್ಮ ಬೆಚ್ಚಿ ನೋಡಿದಳು. ಪಕ್ಕದಲ್ಲಿ ಚೀಲ ಮಾತ್ರ ಇತ್ತು. ದೂರದ ದಡದಲ್ಲಿ, ಬೆರಳಷ್ಟು ಎತ್ತರ ಕಾಣುವ ನಾಲ್ಕು ಹೆಂಗಸರು ನಿಂತಿದ್ದರು: ಮೇಟ್ರನ್, ಸೂಜಿ, ನಿದ್ದೆಯಕ್ಕ, ಮತ್ತು ಅವರಿಗೆ ದಾರಿ ತೋರಿಸಿಕೊಂಡು ಬಂದ ಖಾಲಿ ಬುಟ್ಟಿಯ ಮೊಟ್ಟೆಯವಳು. ಗಾಳಿಯಿಲ್ಲದ ಕೆರೆಯಲ್ಲಿ ಮಾತು ಬಟ್ಟೆಯ ಮೇಲೆ ಬಿಟ್ಟ ಗುಂಡಿಯಂತೆ ಜಾರಿಕೊಂಡು ಹೋಗುತ್ತದೆ. ಅವರ ಪಿಸುಮಾತು ತನಗೆ ಕೇಳಿಸಿದರೆ ತನ್ನ ಕೂಗು ಅವರಿಗೆ ಕೇಳಿಸದೆ ಇದ್ದೀತೇ? ಸೊಸೆಯ ಕಿವಿ ತಪ್ಪಿಸಲು ಕಡಲು ದಾಟಿ ಬಂದು, ಗುಟ್ಟನ್ನು ಊರಿಗೆಲ್ಲ ಸಾರಿದ ಹಾಗಾಯಿತು. ಆಕೆಗೆ ನೀರಿಗೆ ಹಾರೋಣವೆನ್ನಿಸಿತು. ಈಜು ಬರದ ಕಾರಣಕ್ಕೆ ಬಿಟ್ಟಳು.

ದಡದಿಂದ ನಿದ್ದೆಯಕ್ಕನ ದನಿ ಕೇಳಿತು. ಅದು ಪೂರ್ತಿ ಎಚ್ಚರವಾಗಿತ್ತು.

“ಎಷ್ಟೋ ಹೆಂಡ್ತೀರು ಮಂಚದ ಪಕ್ಕ ಕೂತು ಇದನ್ನೇ ಬೇಡ್ಕೊಳ್ತಿದ್ರು. ನಾನು ಹೋದ್ರೆ ಇವರ ಗತಿ ಏನು, ಇವರನ್ನೇ ಮೊದಲು ಕರ್ಕೋ ಅಂತ. ನಾನು ನಿದ್ದೆ ಮಾಡ್ತಿದೀನಿ ಅಂದ್ಕೊಂಡು ಬೇಡ್ಕೊಳ್ತಿದ್ರು.”

“ಎಷ್ಟು ಜನ?” ಎಂದಳು ಸೂಜಿ.

“ಲೆಕ್ಕ ಇಡೋದೇನೇ ಅದನ್ನ,” ಎಂದಳು ನಿದ್ದೆಯಕ್ಕ. “ಒಳ್ಳೇ ಹೆಂಡ್ತೀರೆಲ್ಲ.”

ಹೊಲಿಗೆಯಮ್ಮ ಆ ಮಾತನ್ನು ಕೇಳಿ ಹಾಗೆಯೇ ಕೂತಳು. ತಾನೊಬ್ಬಳೇ ಮಾಡಿದ ಘೋರ ಪಾಪವೆಂದು ಎದೆಯೊಳಗೆ ಬಚ್ಚಿಟ್ಟುಕೊಂಡದ್ದು, ವಾರ್ಡಿನಲ್ಲಿ ಸಾಲಾಗಿ ಕೂತವರೆಲ್ಲರ ಮಾತಾಗಿತ್ತು. ಹಗುರವಾಯಿತೆಂದು ಹೇಳಲಾಗದು. ಆದರೆ ಗಂಟಲಿನಲ್ಲಿ ಜಾಗ ಬಿಟ್ಟಿತು. ದೋಣಿ ಸುತ್ತುತ್ತಲೇ ಇತ್ತು. ದೋಣಿಯವನು ಹಿಡಿಕೆ, ಹಿಡಿಕೆ ಎಂದು ಕೂಗುತ್ತಿದ್ದ. ಆಕೆ ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ತನ್ನ ಕಡೆಗೆ ಎಳೆದು ಹಿಡಿದಳು. ಹಂಸ ಇನ್ನಷ್ಟು ಜೋರಾಗಿ ಸುತ್ತಿತು. ಮಂಡಿ ಸೋತು, ತಲೆ ತಿರುಗಿ, ಆಕೆ ಎರಡೂ ಕೈ ಜೋಡಿಸಿಬಿಟ್ಟಳು.

“ದೇವರೇ, ಇದನ್ನ ದಡ ಸೇರಿಸಪ್ಪ.”

ಬಾಯಿಂದ ಬಂದ ಮೇಲೆಯೇ ಆಕೆಗೆ ತಾನು ಬೇಡಿಕೊಂಡದ್ದು ತಿಳಿದದ್ದು. ಕೈ ಮುಗಿದದ್ದರಿಂದ ಹಿಡಿಕೆ ಬಿಟ್ಟುಹೋಯಿತು. ಬಿಟ್ಟ ಹಿಡಿಕೆ ತಾನಾಗಿ ನೇರವಾಯಿತು. ಹಂಸ ಸುತ್ತುವುದನ್ನು ನಿಲ್ಲಿಸಿ, ಹೇಳಿ ಕಳಿಸಿದ ಆಳಿನಂತೆ ನೆಟ್ಟಗೆ ಹೊರಟಿತು. ಹೊರಟದ್ದು ಗೆಳತಿಯರಿಗೆ ಬೆನ್ನು ತೋರಿಸಿ. ಆಚೆಯ ದಡದ ಜೊಂಡಿನೊಳಗೆ ಕೊಕ್ಕು ತೂರಿಸಿ, ಕೆಸರಿಗೆ ಹೊಟ್ಟೆ ಹಚ್ಚಿ, ಗಟ್ಟಿಯಾಗಿ ನಿಂತುಬಿಟ್ಟಿತು. ಕಪ್ಪೆಗಳು ಎರಡೂ ಕಡೆಗೆ ಹಾರಿದವು.

ಹೊಲಿಗೆಯಮ್ಮ ಜೊಂಡನ್ನು ನೋಡಿದಳು. ದಡ ಎಂದಿದ್ದಳೇ ಹೊರತು ಯಾವ ದಡ ಎಂದಿರಲಿಲ್ಲ. ಇವನ ಹತ್ತಿರ ಮಾತಾಡುವಾಗ ವಿವರವಾಗಿ ಮಾತಾಡಬೇಕು, ನಮ್ಮ ಮನೆಯವರ ಹಾಗೆಯೇ, ಒಂದು ಹೇಳಿದರೆ ಅಷ್ಟನ್ನೇ ಮಾಡುತ್ತಾನೆ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಕೆಗೆ ನಗು ಬಂತು. ಈ ಸಲ ಅದಕ್ಕೆ ದಾರಿ ಗೊತ್ತಿತ್ತು.

“ಇಲ್ಲಿ ಕೇಳು,” ಎಂದಳು, ಈಗ ಸಣ್ಣ ದನಿಯಲ್ಲಿ. “ನಿನಗೆ ಹೇಳೋದು ಬಹಳ ಇದೆ.”

ನೀರಿನ ಮೇಲೆ ಗೆಳತಿಯರಿದ್ದ ದಡದ ಮಾತು ತೇಲಿಬಂತು. ದೋಣಿಯವನು ಬೇರೆ ಹಂಸ ಹತ್ತಿ ಕರೆತರುತ್ತೇನೆಂದು ಹೊರಟಿದ್ದ. ಮೇಟ್ರನ್, ತಾಳಪ್ಪ, ಅವಳ ಮಾತು ಮುಗಿದಿಲ್ಲ ಎನ್ನುತ್ತಿದ್ದಳು. ಮಾತು ಯಾರ ಜೊತೆ ಎಂದು ಮೊಟ್ಟೆಯವಳು ಕೇಳಿದಳು.

“ಹಳೇ ಪರಿಚಯ,” ಎಂದಳು ಸೂಜಿ. “ನಡುವೆ ಮಾತು ಬಿಟ್ಟಿದ್ರು.” ಜನ್ಮದಲ್ಲಿ ಮೊದಲ ಸಲ ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಆಮೇಲೆ ಮೇಟ್ರನ್ ಏನೋ ಆಜ್ಞೆ ಮಾಡಿದಳು. ನಾಲ್ವರು ಹೆಂಗಸರೂ ಕೆರೆಗೆ ಬೆನ್ನು ಹಾಕಿ ಸಾಲಾಗಿ ಹುಲ್ಲಿನ ಮೇಲೆ ಕೂತರು. ಹೊಲಿಗೆಯಮ್ಮ ಜೊಂಡಿನ ನಡುವೆ ಕಾಲು ಚಾಚಿಕೊಂಡು ಮಗನ ಕೆಮ್ಮಿನಿಂದ ಶುರುಮಾಡಿದಳು. ಅದು ಎಂಥ ಕೆಮ್ಮು, ಯಾವ ಹೊತ್ತಿಗೆ ಬರುತ್ತದೆ, ಯಾವಾಗ ಹೋಗಬೇಕು, ಹೋಗುವಾಗ ಜೊತೆಗೆ ಇನ್ನೇನನ್ನೂ ಕರೆದುಕೊಂಡು ಹೋಗಬಾರದು ಎಂಬುದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ದೋಣಿಯವನು ಮಧ್ಯೆ ಮಧ್ಯೆ ಎದ್ದು ನಿಲ್ಲುತ್ತಿದ್ದ. ಎದ್ದಾಗಲೆಲ್ಲ ಮೇಟ್ರನ್ ಅವನನ್ನು ಕೂರಿಸುತ್ತಿದ್ದಳು.